ವರದಿ ‘ನಾರ್ಮಲ್’ ಆಗಿದ್ದರೂ ಗರ್ಭ ನಿಲ್ಲದಿರುವುದೇಕೆ? ವೀರ್ಯಾಣುವಿನ ಹೊರಮೈಯಲ್ಲಿ ಅಡಗಿದ ಕಾರಣಗಳು

ವೀರ್ಯ ಪರೀಕ್ಷೆಯ ವರದಿ ಹೆಚ್ಚೆಂದರೆ ಒಂದು ಹಾಳೆಯದು. ಮೇಲೆ ಹೆಸರು, ವಯಸ್ಸು, ಮಾದರಿ ಕೊಡುವ ಮುನ್ನ ಎಷ್ಟು ದಿನ ಸಂಯಮದಿಂದಿದ್ದರು ಎಂಬ ವಿವರ. ಅದರ ಕೆಳಗೆ ವೀರ್ಯದ ಪ್ರಮಾಣ, ಒಂದು ಮಿಲಿಲೀಟರಿನಲ್ಲಿರುವ ವೀರ್ಯಾಣುಗಳ ಸಂಖ್ಯೆ, ನೂರರಲ್ಲಿ ಎಷ್ಟು ಚಲಿಸುತ್ತಿವೆ, ಎಷ್ಟಕ್ಕೆ ಸರಿಯಾದ ಆಕಾರವಿದೆ ಎಂಬ ನಾಲ್ಕಾರು ಸಾಲು. ಬಲಗಡೆಯ ಅಂಕಣದಲ್ಲಿ ಹೋಲಿಕೆಗೆಂದು ಅಚ್ಚಾದ ಮಿತಿಗಳು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯಲ್ಲಿ ಆ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಸಾಂದ್ರತೆ ಮಿಲಿಲೀಟರಿಗೆ 1.6 ಕೋಟಿ, ಚಲನೆ ಶೇ 42, ಸರಿಯಾದ ಆಕಾರ ಶೇ 4. ಈ ಅಂಕಿಗಳನ್ನು ದಾಟಿದವರ ವರದಿಯ ತಳದಲ್ಲಿ ‘ನಾರ್ಮೋಸ್ಪರ್ಮಿಯಾ’, ಅಂದರೆ ವೀರ್ಯ ಸಹಜವಾಗಿದೆ ಎಂಬ ಒಂದು ಪದ ಬೀಳುತ್ತದೆ. ಅಲ್ಲಿಗೆ ಗಂಡನ ಕಡತ ಮುಚ್ಚುತ್ತದೆ. ಹೆಂಡತಿಗೆ ಮಾತ್ರ ಸ್ಕ್ಯಾನಿಂಗ್, ಹಾರ್ಮೋನ್ ಪರೀಕ್ಷೆ, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ, ಕೊನೆಗೆ ಲ್ಯಾಪರೊಸ್ಕೋಪಿ ಎಂದು ಪರೀಕ್ಷೆಗಳು ತಿಂಗಳುಗಟ್ಟಲೆ ಮುಂದುವರಿಯುತ್ತವೆ.

ಈ ಮಿತಿಗಳು ಹುಟ್ಟಿದ ಬಗೆಯನ್ನು ತಿಳಿದರೆ ಅವುಗಳ ಅರ್ಥ ಎಷ್ಟು ಸೀಮಿತ ಎಂಬುದು ಗೊತ್ತಾಗುತ್ತದೆ. ಸಂಗಾತಿ ಒಂದು ವರ್ಷದೊಳಗೆ ಗರ್ಭ ಧರಿಸಿದ ಪುರುಷರನ್ನೇ ಆರಿಸಿ, ಅವರ ವೀರ್ಯವನ್ನು ಪರೀಕ್ಷಿಸಿ, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳಗಿನ ಶೇ 5 ಮಂದಿ ಎಲ್ಲಿಗೆ ಮುಗಿಯುತ್ತಾರೋ ಅಲ್ಲಿ ಗೆರೆ ಎಳೆಯಲಾಗಿದೆ. ಅಂದರೆ ಆ ಗೆರೆಯ ಕೆಳಗಿರುವವರಲ್ಲೂ ತಂದೆಯಾದವರಿದ್ದಾರೆ; ಮೇಲಿರುವವರೆಲ್ಲರೂ ತಂದೆಯಾಗಬಲ್ಲರೆಂದು ಅದು ಎಲ್ಲಿಯೂ ಹೇಳುವುದಿಲ್ಲ. ವರದಿ ಎಣಿಸುತ್ತದೆ, ಅಳೆಯುತ್ತದೆ, ಆಕಾರ ನೋಡುತ್ತದೆ. ಆದರೆ ಒಂದು ವೀರ್ಯಾಣು ಅಂಡವನ್ನು ಗುರುತಿಸಿ, ಅದಕ್ಕೆ ಅಂಟಿ, ಅದರೊಂದಿಗೆ ಬೆಸೆದುಕೊಳ್ಳಲು ಬೇಕಾದ ಸಲಕರಣೆಗಳೆಲ್ಲ ಇರುವುದು ಅದರ ಹೊರಪೊರೆಯ ಮೇಲೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ಕಾಣುವುದಿಲ್ಲ, ಆದ್ದರಿಂದ ವರದಿಯಲ್ಲಿಯೂ ಅವುಗಳಿಗೆ ಸಾಲಿಲ್ಲ.

ಜಗತ್ತಿನ ವಯಸ್ಕರಲ್ಲಿ ಶೇ 17.5ರಷ್ಟು, ಅಂದರೆ ಸುಮಾರು ಆರರಲ್ಲಿ ಒಬ್ಬರು, ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಹೀಗೆ ಆಸ್ಪತ್ರೆಗೆ ಬರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಒಪ್ಪುವ ಮಾತು. ‘ಕಾರಣ ತಿಳಿಯದ ಬಂಜೆತನ’ ಎಂಬ ಹಣೆಪಟ್ಟಿ ಹೊತ್ತು ಮರಳುವವರ ಸಂಖ್ಯೆಯೂ ಸಣ್ಣದಲ್ಲ. ಕಾರಣ ತಿಳಿಯಲಿಲ್ಲ ಎಂದರೆ ಕಾರಣ ಇಲ್ಲವೆಂದಲ್ಲ. ನಾವು ನೋಡಿದ ಕಡೆ ಅದು ಇರಲಿಲ್ಲ ಎಂದಷ್ಟೇ ಅರ್ಥ. ವೀರ್ಯಾಣುವಿನ ಹೊರಮೈಯನ್ನು ಕುರಿತು ಕಳೆದ ಎರಡು ದಶಕಗಳಲ್ಲಿ ನಡೆದ ಸಂಶೋಧನೆ ಗಮನ ಸೆಳೆಯಬೇಕಾದದ್ದು ಈ ಕಾರಣಕ್ಕೆ.

ಜೀವಕೋಶಗಳ ನಡುವೆ ವೀರ್ಯಾಣು ಒಂದು ವಿಚಿತ್ರ ಕೋಶ. ವೃಷಣದಲ್ಲಿ ಸುಮಾರು ಎರಡೂವರೆ ತಿಂಗಳು ರೂಪುಗೊಳ್ಳುವ ಅದು ಕೊನೆಯ ಹಂತದಲ್ಲಿ ತನ್ನ ಒಳದ್ರವವನ್ನು ಬಹುಪಾಲು ತ್ಯಜಿಸಿ, ಡಿಎನ್‌ಎಯನ್ನು ಬಿಗಿಯಾಗಿ ಗಂಟುಕಟ್ಟಿಕೊಂಡು ಹೊರಡುತ್ತದೆ. ಜೀನ್‌ಗಳನ್ನು ಓದಿ ಹೊಸ ಪ್ರೋಟೀನ್ ತಯಾರಿಸಿಕೊಳ್ಳುವ ಶಕ್ತಿ ಆಮೇಲೆ ಅದಕ್ಕೆ ಇರುವುದಿಲ್ಲ. ವೃಷಣದಿಂದ ಹೊರಬಿದ್ದ ವೀರ್ಯಾಣುವಿಗೆ ಅಂಡವನ್ನು ಫಲಿತಗೊಳಿಸುವ ಸಾಮರ್ಥ್ಯವೂ ಇನ್ನೂ ಬಂದಿರುವುದಿಲ್ಲ. ವೃಷಣದ ಬೆನ್ನಿಗೆ ಸುರುಳಿ ಸುತ್ತಿಕೊಂಡಿರುವ, ಬಿಡಿಸಿದರೆ ಸುಮಾರು ಆರು ಮೀಟರ್ ಉದ್ದವಾಗುವ ಎಪಿಡಿಡಿಮಿಸ್ ಎಂಬ ನಾಳದಲ್ಲಿ ಅದು ದಿನಗಟ್ಟಲೆ ಸಾಗುವಾಗ, ನಾಳದ ಗೋಡೆಯ ಕೋಶಗಳು ಅದರ ಮೈಮೇಲಿನ ಕೆಲವು ಪ್ರೋಟೀನ್‌ಗಳನ್ನು ಕತ್ತರಿಸುತ್ತವೆ, ಕೆಲವನ್ನು ಕಳಚುತ್ತವೆ, ಹೊಸವನ್ನು ಲೇಪಿಸುತ್ತವೆ. ತಾನಾಗಿ ಏನನ್ನೂ ಕಟ್ಟಿಕೊಳ್ಳಲಾರದ ಈ ಕೋಶದ ಹೊರಮೈ ಹೀಗೆ ಇತರರ ಕೈಯಲ್ಲಿ ಸಿದ್ಧವಾಗುತ್ತದೆ. ವೈದ್ಯರು ರಿಸೆಪ್ಟರ್ ಎಂದು ಕರೆಯುವ, ಹೊರಗಿನ ಸಂಕೇತವನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುವ ಅಥವಾ ಇನ್ನೊಂದು ಕೋಶದ ಪ್ರೋಟೀನನ್ನು ಹಿಡಿದುಕೊಳ್ಳುವ ಗ್ರಾಹಿಗಳು ಈ ಮೇಲ್ಮೈಯಲ್ಲಿ ತಮ್ಮ ತಮ್ಮ ಜಾಗ ಹಿಡಿದಿರುತ್ತವೆ.

ಎಪಿಡಿಡಿಮಿಸ್ ಹಚ್ಚುವ ಲೇಪಗಳಲ್ಲಿ ಬೀಟಾ ಡಿಫೆನ್ಸಿನ್ 126 ಎಂಬುದು ಮುಖ್ಯವಾದದ್ದು. ಸಕ್ಕರೆಯ ಸರಪಳಿಗಳನ್ನು ಹೊತ್ತ ಈ ಪ್ರೋಟೀನ್ ವೀರ್ಯಾಣುವಿಗೆ ಅಡಿಯಿಂದ ಮುಡಿಯವರೆಗೆ ಹೊದಿಕೆಯಾಗಿ, ಗರ್ಭಕಂಠದ ಲೋಳೆಯಲ್ಲಿ ಸಿಕ್ಕಿಹಾಕಿಕೊಳ್ಳದೆ ಜಾರಿಹೋಗಲು ನೆರವಾಗುತ್ತದೆ. ಇದರ ಜೀನಿನಲ್ಲಿ ಡಿಎನ್‌ಎಯ ಎರಡೇ ಅಕ್ಷರಗಳು ಬಿಟ್ಟುಹೋದ ಒಂದು ರೂಪವಿದೆ. ಅದು ಅಪರೂಪದ್ದೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ಆ ರೂಪವನ್ನೇ ಪಡೆದ ಪುರುಷರ ವೀರ್ಯಾಣುಗಳು ಎಣಿಕೆಯಲ್ಲಿ, ಚಲನೆಯಲ್ಲಿ, ಆಕಾರದಲ್ಲಿ ಉಳಿದವರಂತೆಯೇ ಇದ್ದವು. ಆದರೆ ಲೋಳೆಯನ್ನು ಹೋಲುವ ದ್ರವದಲ್ಲಿ ಬಿಟ್ಟಾಗ ಅವು ಬಹಳ ಹಿಂದೆ ಬಿದ್ದವು. ಚೀನಾದಲ್ಲಿ ಮಕ್ಕಳಿಗಾಗಿ ಪ್ರಯತ್ನಿಸುತ್ತಿದ್ದ ದಂಪತಿಗಳನ್ನು ಅನುಸರಿಸಿ ನೋಡಿದಾಗ ಇಂಥ ಪುರುಷರ ಮನೆಯಲ್ಲಿ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿಯಿತೆಂದು 2011ರ ಅಧ್ಯಯನ ತೋರಿಸಿತು. ಇವರು ತಂದೆಯಾಗಲಾರರು ಎಂದು ಇದರಿಂದ ತೀರ್ಮಾನಿಸಬಾರದು. ತಡವಾಗುತ್ತದೆ ಎಂಬುದಷ್ಟೇ ಅದರ ತಾತ್ಪರ್ಯ. ಒಂದು ಹಾಳೆಯ ವರದಿಯಲ್ಲಿ ಎಲ್ಲಿಯೂ ಕಾಣದ ವ್ಯತ್ಯಾಸವೊಂದು ದಂಪತಿಗಳ ತಿಂಗಳುಗಳನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಹೊರಬಂದ ತಕ್ಷಣದ ವೀರ್ಯಾಣು ಅಂಡದ ಪಕ್ಕದಲ್ಲೇ ಇದ್ದರೂ ಅದನ್ನು ಫಲಿತಗೊಳಿಸಲಾರದು. ಅಮೆರಿಕದಲ್ಲಿ ಎಂ. ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಸಿ. ಆರ್. ಆಸ್ಟಿನ್ 1951ರಲ್ಲಿ ಒಬ್ಬರಿಗೊಬ್ಬರು ಅರಿಯದಂತೆ ಈ ಸಂಗತಿಯನ್ನು ಕಂಡುಕೊಂಡರು: ವೀರ್ಯಾಣು ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲಷ್ಟೇ ಆ ಅರ್ಹತೆ ಪಡೆಯುತ್ತದೆ. ಕೆಪಾಸಿಟೇಶನ್ ಎಂದು ಹೆಸರಾದ ಈ ಮಾರ್ಪಾಡಿನಲ್ಲಿ ಹೊರಪೊರೆಯ ಕೊಲೆಸ್ಟರಾಲ್ ಕಳಚಿಹೋಗಿ ಪೊರೆ ಸಡಿಲವಾಗುತ್ತದೆ, ಲೇಪಗಳು ಉದುರುತ್ತವೆ, ಚದುರಿದ್ದ ಪ್ರೋಟೀನ್‌ಗಳು ಜಾಗ ಬದಲಿಸಿ ಗುಂಪುಗೂಡುತ್ತವೆ. ದೇಹದ ಹೊರಗೆ ಗಾಜಿನ ತಟ್ಟೆಯಲ್ಲಿ ಫಲೀಕರಣ ನಡೆಸುವ ಪ್ರಯತ್ನಗಳು ಅಷ್ಟು ಕಾಲ ಸೋತದ್ದಕ್ಕೆ ಈ ಹಂತದ ಅರಿವಿಲ್ಲದಿದ್ದುದೂ ಒಂದು ದೊಡ್ಡ ಕಾರಣ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟುವ ಹೊತ್ತಿಗೆ, ವೀರ್ಯಾಣುವನ್ನು ಸರಿಯಾದ ದ್ರಾವಣದಲ್ಲಿ ತೊಳೆದು ಕೆಲಕಾಲ ಹಾಗೇ ಇಡುವ ಕ್ರಮ ಪ್ರಯೋಗಾಲಯಗಳ ಪಾಠವಾಗಿತ್ತು.

ಇಲ್ಲಿಂದ ಮುಂದೆ ಕಥೆಯ ನಡುವೆ ನಿಲ್ಲುವ ಪ್ರೋಟೀನ್ ಕ್ಯಾಟ್‌ಸ್ಪರ್. 2001ರಲ್ಲಿ ಗುರುತಿಸಲಾದ ಈ ಕ್ಯಾಲ್ಸಿಯಂ ದ್ವಾರ ದೇಹದ ಬೇರೆಲ್ಲಿಯೂ ಕಾಣದೆ, ವೀರ್ಯಾಣುವಿನ ಬಾಲದ ಮೇಲೆ ಮಾತ್ರ ಉದ್ದಕ್ಕೆ ಎಳೆದ ನಾಲ್ಕು ಗೆರೆಗಳಂತೆ ಸಾಲುಗೂಡಿರುತ್ತದೆ. ಸೂಕ್ಷ್ಮದರ್ಶಕದಡಿ ಸಾಮಾನ್ಯ ವೀರ್ಯಾಣು ಚಿಕ್ಕ ಚಿಕ್ಕ ಅಲೆಯಂತೆ ಬಾಲ ಬಡಿಯುತ್ತ ನೇರವಾಗಿ ಈಜುವುದನ್ನು ಕಾಣಬಹುದು. ಕ್ಯಾಟ್‌ಸ್ಪರ್ ತೆರೆದು ಕ್ಯಾಲ್ಸಿಯಂ ಒಳನುಗ್ಗಿದಾಗ ಅದೇ ವೀರ್ಯಾಣುವಿನ ನಡೆ ಬದಲಾಗುತ್ತದೆ: ಬಾಲ ಒಂದು ಕಡೆಗೆ ಆಳವಾಗಿ ಬಾಗಿ ಚಾಟಿ ಬೀಸಿದಂತೆ ಬಡಿಯುತ್ತದೆ, ತಲೆ ಅಕ್ಕಪಕ್ಕಕ್ಕೆ ಜೋರಾಗಿ ಹೊಯ್ದಾಡುತ್ತದೆ, ದಾರಿ ನೇರವಾಗಿರದೆ ಎಂಟರ ಆಕಾರದಲ್ಲಿ ಸುತ್ತುತ್ತದೆ. ತೆಳುವಾದ ದ್ರವದಲ್ಲಿ ಇದು ವ್ಯರ್ಥ ಒದ್ದಾಟದಂತೆ ತೋರುತ್ತದೆ. ಆದರೆ ಗರ್ಭನಾಳದ ಗೋಡೆಗೆ ಅಂಟಿಕೊಂಡ ವೀರ್ಯಾಣು ಕಿತ್ತುಕೊಂಡು ಬರಲು, ಅಂಡದ ಸುತ್ತಲಿನ ಅಂಟು ಮತ್ತು ಗಟ್ಟಿ ಕವಚವನ್ನು ಭೇದಿಸಲು ಬೇಕಾದ ಬಲ ಇದರಿಂದಲೇ ಬರುವುದು. ವರದಿಯ ‘ಚಲನೆ’ಯ ಸಾಲು ಅಳೆಯುವುದು ಮೊದಲ ಬಗೆಯ ಈಜನ್ನು; ಎರಡನೆಯದನ್ನು ಅದು ನೋಡುವುದೇ ಇಲ್ಲ.

ಈ ದ್ವಾರವನ್ನು ತೆರೆಯುವ ಕೈ ಯಾರದು? ಅಂಡವನ್ನು ಸುತ್ತುವರಿದ ಪುಟ್ಟ ಕೋಶಗಳು ಸೂಸುವ ಪ್ರೊಜೆಸ್ಟೆರಾನ್ ಹಾರ್ಮೋನಿನದು. ಮನುಷ್ಯರ ವೀರ್ಯಾಣುವಿನಲ್ಲಿ ಪ್ರೊಜೆಸ್ಟೆರಾನ್ ಕ್ಯಾಟ್‌ಸ್ಪರ್ ಅನ್ನು ಕೆಲವೇ ಕ್ಷಣಗಳಲ್ಲಿ ತೆರೆಯುತ್ತದೆಂದು 2011ರಲ್ಲಿ ಅಮೆರಿಕದ ಮತ್ತು ಜರ್ಮನಿಯ ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಸಾಮಾನ್ಯವಾಗಿ ಈ ಹಾರ್ಮೋನ್ ಕೋಶಕೇಂದ್ರದೊಳಗೆ ಹೋಗಿ ಜೀನ್‌ಗಳನ್ನು ಎಬ್ಬಿಸಿ ಗಂಟೆಗಳ ಮೇಲೆ ಪರಿಣಾಮ ತೋರುತ್ತದೆ. ಜೀನ್‌ಗಳೇ ನಿದ್ರಿಸುತ್ತಿರುವ ವೀರ್ಯಾಣುವಿನಲ್ಲಿ ಆ ದಾರಿಯಿಲ್ಲ. ಹೊರಮೈಯಲ್ಲಿರುವ ಎಬಿಎಚ್‌ಡಿ2 ಎಂಬ ಪ್ರೋಟೀನ್ ಪ್ರೊಜೆಸ್ಟೆರಾನನ್ನು ಹಿಡಿಯುತ್ತದೆ, ಹಿಡಿದೊಡನೆ ಕ್ಯಾಟ್‌ಸ್ಪರ್ ಅನ್ನು ಮುಚ್ಚಿಟ್ಟಿದ್ದ ಒಂದು ಕೊಬ್ಬಿನ ಅಣುವನ್ನು ಕಡಿದುಹಾಕುತ್ತದೆ, ದ್ವಾರ ತೆರೆದುಕೊಳ್ಳುತ್ತದೆ ಎಂಬ ವಿವರ 2016ರಲ್ಲಿ ಪ್ರಕಟವಾಯಿತು. ಹೆಣ್ಣಿನ ದೇಹದ ಸಂಕೇತವೊಂದು ಗಂಡಿನ ಕೋಶದ ನಡೆಯನ್ನು ಬದಲಿಸುವ ಈ ಏರ್ಪಾಟಿನಲ್ಲಿ ಫಲೀಕರಣವೆಂಬುದು ವೀರ್ಯಾಣುವಿನ ಓಟದ ಪಂದ್ಯವೆಂಬ ಹಳೆಯ ಚಿತ್ರ ಉಳಿಯುವುದಿಲ್ಲ.

ಈ ಕ್ಷೇತ್ರದಲ್ಲಿ ಅವಸರದ ತೀರ್ಮಾನಗಳು ಎಷ್ಟು ಸಲ ತಲೆಕೆಳಗಾಗಿವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮನುಷ್ಯರ ವೀರ್ಯಾಣುವಿನಲ್ಲಿ ಮೂಗಿನಲ್ಲಿರುವಂಥ ವಾಸನೆಯ ಗ್ರಾಹಿಯಿದೆ, ಒಂದು ಬಗೆಯ ಹೂವಿನ ಪರಿಮಳದ ರಾಸಾಯನಿಕದತ್ತ ಅದು ಈಜಿಕೊಂಡು ಹೋಗುತ್ತದೆ ಎಂದು 2003ರಲ್ಲಿ ಪ್ರಕಟವಾದಾಗ ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಸುಮಾರು ಒಂದು ದಶಕದ ಬಳಿಕ ಅದೇ ರಾಸಾಯನಿಕ ವಾಸನೆಯ ಗ್ರಾಹಿಯನ್ನು ಮುಟ್ಟದೆ ನೇರವಾಗಿ ಕ್ಯಾಟ್‌ಸ್ಪರ್ ಅನ್ನೇ ತೆರೆಯುತ್ತದೆಂದು ಬೇರೊಂದು ತಂಡ ತೋರಿಸಿತು. ಅಂಡದ ಕವಚವನ್ನು ಹಿಡಿಯುವ, ಕೊರೆಯುವ, ಪೊರೆಯನ್ನು ಬೆಸೆಯುವ ಪ್ರೋಟೀನ್‌ಗಳೆಂದು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿದ್ದ ಅನೇಕ ಹೆಸರುಗಳ ಪಾಡೂ ಇದೇ. ಒಂದೊಂದೇ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸುವ ತಂತ್ರ ಬಂದ ಮೇಲೆ, ಕವಚ ಕೊರೆಯಲು ಅನಿವಾರ್ಯವೆಂದು ನಂಬಿದ್ದ ಆಕ್ರೋಸಿನ್ ಇಲ್ಲದ ಗಂಡಿಲಿಗಳಿಗೂ ಮರಿಗಳಾದವು. ಬೆಸುಗೆಯ ಪ್ರೋಟೀನ್ ಎಂದು ಹೆಸರಾಗಿದ್ದ ಫರ್ಟಿಲಿನ್ ಇಲ್ಲದಿದ್ದರೂ ಬೆಸುಗೆ ಪೂರ್ತಿ ನಿಲ್ಲಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಎಡಿಎಎಂ3 ಎಂಬ ಪ್ರೋಟೀನ್ ಇಲ್ಲದ ಇಲಿಯ ವೀರ್ಯಾಣುಗಳು ಗರ್ಭಕೋಶದಿಂದ ಗರ್ಭನಾಳಕ್ಕೆ ದಾಟಲಾಗದೆ ಬಾಗಿಲಲ್ಲೇ ಉಳಿದವು. ಆದರೆ ಮನುಷ್ಯರಲ್ಲಿ ಆ ಜೀನ್ ಕೆಲಸ ಮಾಡದ ಅವಶೇಷವಷ್ಟೇ. ಇಲಿಯಲ್ಲಿ ಕಂಡದ್ದು ಮನುಷ್ಯನಿಗೂ ಅನ್ವಯಿಸುತ್ತದೆಂದು ತಿಳಿದು ಪರೀಕ್ಷೆಯನ್ನೋ ಔಷಧವನ್ನೋ ಮಾರುವವರ ಮಾತನ್ನು ಅಳೆದು ನೋಡಬೇಕಾದದ್ದು ಇದಕ್ಕಾಗಿ.

ಆ ಜರಡಿಯಲ್ಲಿ ಉಳಿದ ಹೆಸರುಗಳಲ್ಲಿ ಮೊದಲನೆಯದು ಇಝುಮೊ1. ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಮಸಾರು ಒಕಾಬೆ ಅವರ ತಂಡ 2005ರಲ್ಲಿ ಇದನ್ನು ಕಂಡುಹಿಡಿದು, ಮದುವೆ ಕೂಡಿಬರಲೆಂದು ಜನ ಪ್ರಾರ್ಥಿಸಲು ಹೋಗುವ ಇಝುಮೊ ದೇವಾಲಯದ ಹೆಸರಿಟ್ಟಿತು. ಈ ಪ್ರೋಟೀನ್ ಮೊದಲಿಗೆ ವೀರ್ಯಾಣುವಿನ ತಲೆಯ ಮೇಲಿನ ಅಕ್ರೋಸೋಮ್ ಎಂಬ ಚೀಲದ ಮರೆಯಲ್ಲಿ ಅಡಗಿರುತ್ತದೆ. ಚೀಲ ಒಡೆದು ತನ್ನಲ್ಲಿರುವುದನ್ನು ಸುರಿಸಿದ ಮೇಲೆ ಮಾತ್ರ ಹೊರಮೈಗೆ ಬರುತ್ತದೆ. ಇಝುಮೊ1 ಇಲ್ಲದ ಗಂಡಿಲಿಗಳು ನೋಡಲು ಆರೋಗ್ಯವಾಗಿದ್ದವು, ಕೂಡುತ್ತಿದ್ದವು, ಅವುಗಳ ವೀರ್ಯಾಣುಗಳು ಚೆನ್ನಾಗಿ ಈಜುತ್ತಿದ್ದವು, ಅಂಡದ ಕವಚವನ್ನೂ ದಾಟಿ ಒಳಗೆ ಹೋಗುತ್ತಿದ್ದವು. ಕವಚಕ್ಕೂ ಅಂಡದ ಪೊರೆಗೂ ನಡುವಿನ ಕಿರಿದಾದ ಜಾಗದಲ್ಲಿ ಅವು ಗುಂಪುಗುಂಪಾಗಿ ಸೇರಿ, ಬಾಲ ಬಡಿಯುತ್ತಲೇ, ಅಂಡವನ್ನು ಮುಟ್ಟುತ್ತಲೇ ಉಳಿದುಹೋದವು. ಒಂದೂ ಬೆಸೆಯಲಿಲ್ಲ. ಅದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಟ್ಟಾಗ ಆರೋಗ್ಯವಂತ ಮರಿಗಳು ಹುಟ್ಟಿದವು. ಒಳಗಿನ ಸರಕಿನಲ್ಲಿ ದೋಷವಿರಲಿಲ್ಲ, ಹೊರಮೈಯ ಒಂದೇ ಒಂದು ಪ್ರೋಟೀನಿನ ಕೊರತೆ ಸಂತಾನವನ್ನು ತಡೆದಿತ್ತು.

ಇಝುಮೊ1ನ್ನು ಅಂಡದ ಕಡೆಯಿಂದ ಹಿಡಿಯುವ ಜೋಡಿ ಸಿಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಇಂಗ್ಲೆಂಡಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ಎನ್ರಿಕಾ ಬಿಯಾಂಕಿ ಮತ್ತು ಗ್ಯಾವಿನ್ ರೈಟ್ ಅವರ ತಂಡ 2014ರಲ್ಲಿ ಅದನ್ನು ಗುರುತಿಸಿ, ದಾಂಪತ್ಯ ಕಾಯುವ ರೋಮನ್ ದೇವತೆ ಜೂನೋಳ ಹೆಸರು ಕೊಟ್ಟಿತು. ಒಂದು ವೀರ್ಯಾಣು ಬೆಸೆದ ಮೇಲೆ ಸುಮಾರು 40 ನಿಮಿಷಗಳೊಳಗೆ ಅಂಡ ತನ್ನ ಮೇಲಿನ ಜೂನೋವನ್ನೆಲ್ಲ ಉದುರಿಸಿಬಿಡುತ್ತದೆ. ಎರಡನೆಯ ವೀರ್ಯಾಣುವಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಹಳೆಯ ಒಗಟೊಂದು ಕೂಡ ಇದರಿಂದ ಬಿಡಿಸಿಕೊಂಡಿತು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ಕವಚ ತೆಗೆದ ಅಂಡಕ್ಕೆ ಮನುಷ್ಯರ ವೀರ್ಯಾಣು ಹೊಗಬಲ್ಲದೆಂದು ವಿಜ್ಞಾನಿ ಯಾನಗಿಮಾಚಿ 1976ರಲ್ಲಿ ತೋರಿಸಿದ್ದರು. ಅದರ ಆಧಾರದ ಮೇಲೆ ಪುರುಷರ ಫಲವತ್ತತೆ ಅಳೆಯುವ ಪರೀಕ್ಷೆಯೊಂದು ವರ್ಷಗಳ ಕಾಲ ಬಳಕೆಯಲ್ಲಿತ್ತು. ಇಲಿಯ ಅಂಡಕ್ಕೆ ಹೊಗದ ವೀರ್ಯಾಣು ಹ್ಯಾಮ್‌ಸ್ಟರ್ ಅಂಡಕ್ಕೆ ಹೊಗುವುದೇಕೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಹ್ಯಾಮ್‌ಸ್ಟರ್‌ನ ಜೂನೋ ಮನುಷ್ಯರ ಇಝುಮೊವನ್ನು ಹಿಡಿಯಬಲ್ಲದು ಎಂಬುದೇ ಉತ್ತರವಾಗಿತ್ತು.

ಆದರೂ ಇಝುಮೊ ಮತ್ತು ಜೂನೋ ಒಂದನ್ನೊಂದು ಹಿಡಿದರೆ ಎರಡು ಕೋಶಗಳು ಅಂಟುತ್ತವೆಯೇ ಹೊರತು ಬೆಸೆಯುವುದಿಲ್ಲ. ವೀರ್ಯಾಣುವಿನ ಕಡೆಯಲ್ಲೇ ಎಸ್‌ಪಿಎಸಿಎ6, ಟಿಎಂಇಎಂ95, ಡಿಸಿಎಸ್‌ಟಿ1 ಮುಂತಾದ ಇನ್ನೂ ಹಲವು ಪ್ರೋಟೀನ್‌ಗಳಲ್ಲಿ ಯಾವುದಿಲ್ಲದಿದ್ದರೂ ಗಂಡಿಲಿ ಬಂಜೆಯಾಗುತ್ತದೆ. ಪ್ರೋಟೀನ್‌ಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ನೆರವು ಪಡೆದು, ವಿಯೆನ್ನಾದ ಆಂಡ್ರಿಯಾ ಪೌಲಿ ಅವರ ತಂಡವೂ ಸಹಯೋಗಿಗಳೂ 2024ರಲ್ಲಿ ಇದಕ್ಕೊಂದು ಚಿತ್ರ ಕೊಟ್ಟರು: ಇಝುಮೊ1, ಎಸ್‌ಪಿಎಸಿಎ6 ಮತ್ತು ಅಷ್ಟಾಗಿ ಗಮನಕ್ಕೆ ಬಂದಿರದ ಟಿಎಂಇಎಂ81 ಮೂರೂ ಸೇರಿ ಒಂದು ಕೂಟವಾಗಿ ನಿಲ್ಲುತ್ತವೆ. ಜೀಬ್ರಾ ಮೀನಿನಲ್ಲಿ ಆ ಕೂಟವನ್ನು ಹಿಡಿಯುವ ಅಂಡದ ಪ್ರೋಟೀನ್ ಬೇರೆ, ಸಸ್ತನಿಗಳಲ್ಲಿ ಬೇರೆ; ವೀರ್ಯಾಣುವಿನ ಕಡೆಯ ಮೂವರು ಮಾತ್ರ ಮೀನಿನಿಂದ ಮನುಷ್ಯನವರೆಗೆ ಉಳಿದುಬಂದಿದ್ದಾರೆ.

ಪ್ರಯೋಗಾಲಯದ ಈ ವಿವರಗಳು ಆಸ್ಪತ್ರೆಯ ಕೋಣೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ? ಐವಿಎಫ್ ಕೇಂದ್ರದಲ್ಲಿ ಸಂಜೆ ತಟ್ಟೆಯೊಂದರಲ್ಲಿ ಅಂಡಗಳ ಜೊತೆಗೆ ಸಾವಿರಾರು ವೀರ್ಯಾಣುಗಳನ್ನು ಬಿಡುತ್ತಾರೆ. ಹದಿನಾರರಿಂದ ಹದಿನೆಂಟು ಗಂಟೆಗಳ ಬಳಿಕ, ಮರುದಿನ ಬೆಳಿಗ್ಗೆ, ಭ್ರೂಣತಜ್ಞರು ಒಂದೊಂದೇ ಅಂಡವನ್ನು ತಿರುಗಿಸಿ ಒಳಗೆ ಎರಡು ಪುಟ್ಟ ಉಂಗುರಗಳು, ಒಂದು ತಾಯಿಯದು, ಒಂದು ತಂದೆಯದು, ಕಾಣುತ್ತವೆಯೇ ಎಂದು ಹುಡುಕುತ್ತಾರೆ. ಕೆಲವು ದಂಪತಿಗಳ ತಟ್ಟೆಯಲ್ಲಿ ಹತ್ತು ಹನ್ನೆರಡು ಅಂಡಗಳಲ್ಲಿ ಒಂದರಲ್ಲೂ ಅವು ಇರುವುದಿಲ್ಲ. ವೀರ್ಯಾಣುಗಳು ಇನ್ನೂ ಈಜುತ್ತಿರುತ್ತವೆ. ತಿಂಗಳುಗಟ್ಟಲೆ ಚುಚ್ಚುಮದ್ದು ಪಡೆದು, ಸಾಲ ಮಾಡಿ ಬಂದವರಿಗೆ ಆ ಬೆಳಗಿನ ದೂರವಾಣಿ ಕರೆ ತರುವ ಸುದ್ದಿ ಎಂಥದೆಂದು ವಿವರಿಸಬೇಕಿಲ್ಲ. ಇಂಥ ಸೋಲಿನ ಹಿಂದೆ ಅಂಡದ ಕಾರಣವೂ ಇರಬಹುದು. ಆದರೆ ವರದಿ ಸರಿಯಿದ್ದ ಗಂಡನ ವೀರ್ಯಾಣುವಿನಲ್ಲಿ ಕ್ಯಾಟ್‌ಸ್ಪರ್ ಕೆಲಸ ಮಾಡದಿರುವುದು ಒಂದು ಖಚಿತ ಕಾರಣವೆಂಬುದು ಜರ್ಮನಿಯ ಮ್ಯೂನ್‌ಸ್ಟರ್ ಕೇಂದ್ರಿತವಾಗಿ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಈ ಪುರುಷರ ಎಣಿಕೆ, ಚಲನೆ, ಆಕಾರ ಎಲ್ಲವೂ ಮಿತಿಯೊಳಗೇ ಇದ್ದವು. ಸಹಜವಾಗಿ ಗರ್ಭ ನಿಲ್ಲಲಿಲ್ಲ, ಗರ್ಭಕೋಶಕ್ಕೆ ವೀರ್ಯ ಸೇರಿಸುವ ಐಯುಐ ಫಲಿಸಲಿಲ್ಲ, ತಟ್ಟೆಯಲ್ಲಿನ ಐವಿಎಫ್ ಕೂಡ ಫಲಿಸಲಿಲ್ಲ. ಮೊದಲೇ ತಿಳಿದಿದ್ದರೆ ಆ ಎರಡು ಚಿಕಿತ್ಸೆಗಳ ಖರ್ಚನ್ನೂ ನೋವನ್ನೂ ಆ ಹೆಣ್ಣುಮಕ್ಕಳು ಅನುಭವಿಸಬೇಕಿರಲಿಲ್ಲ.

ಹೊರಮೈಯ ದೋಷವೆಲ್ಲ ಹುಟ್ಟಿನಿಂದ ಬಂದದ್ದಲ್ಲ. ವೃಷಣದೊಳಗೆ ರಕ್ತದ ಕಾವಲು ಕೋಶಗಳ ಕಣ್ಣಿಗೆ ಬೀಳದಂತೆ ವೀರ್ಯಾಣುಗಳು ಒಂದು ತಡೆಗೋಡೆಯ ಹಿಂದೆ ಬೆಳೆಯುತ್ತವೆ. ಪೆಟ್ಟು, ಸೋಂಕು, ವಾಸೆಕ್ಟಮಿ ಶಸ್ತ್ರಚಿಕಿತ್ಸೆಯಂಥ ಕಾರಣಗಳಿಂದ ಆ ಗೋಡೆ ಬಿರಿದರೆ ದೇಹವೇ ತನ್ನ ವೀರ್ಯಾಣುವನ್ನು ಪರಕೀಯವೆಂದು ತಿಳಿದು ಅದರ ಹೊರಮೈಗೆ ಪ್ರತಿಕಾಯಗಳನ್ನು ಅಂಟಿಸುತ್ತದೆ. ಆಗ ಗ್ರಾಹಿಗಳಿದ್ದರೂ ಅವುಗಳ ಮೇಲೆ ಮುಸುಕು ಬಿದ್ದಂತಾಗುತ್ತದೆ. ಇದನ್ನು ಪತ್ತೆಹಚ್ಚುವ ಪರೀಕ್ಷೆ ಈಗಲೂ ಲಭ್ಯವಿದೆ. ಎಲ್ಲರಿಗೂ ಅದನ್ನು ಮಾಡಿಸುವ ಅಗತ್ಯವಿಲ್ಲದಿದ್ದರೂ ವೀರ್ಯಾಣುಗಳು ಒಂದಕ್ಕೊಂದು ಅಂಟಿ ಗುಂಪಾಗಿ ಕಂಡಾಗ ಕೇಳಬೇಕಾದ ಪರೀಕ್ಷೆ ಅದು.

ಹೈನುಗಾರಿಕೆಯಲ್ಲಿ ಪಳಗಿದವರಿಗೆ ಈ ಸಮಸ್ಯೆಯ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಹಸು ಸರಿಯಾಗಿ ಬೆದೆಗೆ ಬಂದಿದೆ, ಹೊತ್ತು ನೋಡಿ ಕೃತಕ ಗರ್ಭಧಾರಣೆ ಮಾಡಿಸಿದೆ, ಆದರೂ ಗಬ್ಬ ನಿಲ್ಲುತ್ತಿಲ್ಲ ಎಂದಾಗ ದೋಷ ಹಸುವಿನದೇ ಎಂದು ಬಗೆಯುವುದು ರೂಢಿ. ಜರ್ಮನಿ ಮತ್ತು ಆಸ್ಟ್ರಿಯಾದ ಫ್ಲೆಕ್‌ಫೀ ತಳಿಯ ಕೆಲವು ಹೋರಿಗಳ ವೀರ್ಯ ಪ್ರಯೋಗಾಲಯದ ಎಲ್ಲ ಪರೀಕ್ಷೆಗಳಲ್ಲೂ ಉತ್ತಮವೆಂದು ತೇರ್ಗಡೆಯಾಗಿತ್ತು, ಆದರೆ ನೂರು ಹಸುಗಳಿಗೆ ಹಾಕಿದರೆ ಎರಡೂ ಗಬ್ಬವಾಗುತ್ತಿರಲಿಲ್ಲ. 2014ರಲ್ಲಿ ಕಾರಣ ಸಿಕ್ಕಿತು: ಟಿಎಂಇಎಂ95 ಜೀನಿನಲ್ಲಿನ ಒಂದು ಅಕ್ಷರದ ತಪ್ಪಿನಿಂದ ಆ ಪ್ರೋಟೀನ್ ಅರ್ಧಕ್ಕೇ ನಿಂತುಹೋಗಿತ್ತು. ವೀರ್ಯಾಣು ಮತ್ತು ಅಂಡದ ಬೆಸುಗೆಯಲ್ಲಿ ಈ ಪ್ರೋಟೀನಿಗೆ ಪಾತ್ರವಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದೇ ಈ ಹೋರಿಗಳಿಂದ. ಒಂದು ಹೋರಿಯ ವೀರ್ಯ ಸಾವಿರಾರು ಕಡ್ಡಿಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಊರೂರಿಗೆ ಹೋಗುವಾಗ ಇಂಥ ತಪ್ಪಿನ ಬೆಲೆ ತೆರುವವರು ಸಣ್ಣ ರೈತರು. ಹೆಪ್ಪುಗಟ್ಟಿಸುವುದೂ ಕರಗಿಸುವುದೂ ಸ್ವತಃ ವೀರ್ಯಾಣುವಿನ ಪೊರೆಯನ್ನು ಸಡಿಲಿಸಿ, ಅಕಾಲದಲ್ಲಿ ಕೆಪಾಸಿಟೇಶನ್ ಆದಂತೆ ಮಾಡುತ್ತವೆ. ಹೀಗಾಗಿ ಹೆಸರಘಟ್ಟದಂಥ ವೀರ್ಯ ಸಂಗ್ರಹ ಕೇಂದ್ರಗಳಲ್ಲಿ ಕರಗಿಸಿದ ನಂತರದ ಪರೀಕ್ಷೆಗೆ ಅಷ್ಟು ಮಹತ್ವವಿದೆ.

ಮನುಷ್ಯರಲ್ಲಿ ಈ ಎಲ್ಲ ಗ್ರಾಹಿಗಳನ್ನೂ ಬದಿಗಿಟ್ಟು ನಡೆಯುವ ದಾರಿ 1992ರಿಂದ ಇದೆ. ಬ್ರಸೆಲ್ಸ್‌ನಲ್ಲಿ ಜಾನ್‌ಪಿಯೆರೊ ಪಲೆರ್ಮೊ ಅವರ ತಂಡ ರೂಪಿಸಿದ ಇಕ್ಸಿ ವಿಧಾನದಲ್ಲಿ ಒಂದು ವೀರ್ಯಾಣುವನ್ನು ಗಾಜಿನ ಸೂಜಿಯಿಂದ ನೇರವಾಗಿ ಅಂಡದೊಳಗೆ ಇಡುತ್ತಾರೆ. ಲೋಳೆ, ಕವಚ, ಇಝುಮೊ, ಜೂನೋ ಯಾವುದರ ಹಂಗೂ ಅದಕ್ಕಿಲ್ಲ. ಲಕ್ಷಾಂತರ ಪುರುಷರು ಇದರಿಂದ ತಂದೆಯಾಗಿದ್ದಾರೆ. ಈ ಉಪಕಾರವನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಆದರೆ ಅದೇ ಅನುಕೂಲ ಒಂದು ಉದಾಸೀನವನ್ನೂ ಬೆಳೆಸಿದೆ ಎಂಬುದು ನನ್ನ ಅಭಿಪ್ರಾಯ. ಸೂಜಿ ಎಲ್ಲ ಅಡ್ಡಿಗಳನ್ನೂ ದಾಟಿಸುವುದರಿಂದ ಅಡ್ಡಿ ಯಾವುದಿತ್ತು ಎಂದು ಕೇಳುವವರೇ ಇಲ್ಲದಂತಾಗಿ, ಪುರುಷನ ಕಾಯಿಲೆ ಪತ್ತೆಯಾಗದೆ, ಚಿಕಿತ್ಸೆಯ ಭಾರವೆಲ್ಲ ಹೆಣ್ಣಿನ ದೇಹದ ಮೇಲೆ ಬೀಳುತ್ತದೆ. ಹಾಗೆಂದು ಎಲ್ಲರಿಗೂ ಇಕ್ಸಿ ಮಾಡುವುದೂ ಉತ್ತರವಲ್ಲ. ವೀರ್ಯದ ಎಣಿಕೆ ಮತ್ತು ಚಲನೆ ಸರಿಯಿದ್ದ 1,064 ದಂಪತಿಗಳ ಮೇಲೆ ವಿಯೆಟ್ನಾಮಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಗು ಹುಟ್ಟಿದ ಪ್ರಮಾಣ ಇಕ್ಸಿಯಲ್ಲಿ ಸುಮಾರು ಶೇ 35, ಸಾಮಾನ್ಯ ಐವಿಎಫ್‌ನಲ್ಲಿ ಸುಮಾರು ಶೇ 31. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಗಣನೆಗೆ ಬರುವ ವ್ಯತ್ಯಾಸವಲ್ಲ. ಗ್ರಾಹಿಗಳ ದೋಷವಿರುವವರು ಅಲ್ಪಸಂಖ್ಯಾತರು. ಅವರನ್ನು ಗುರುತಿಸಿ ನೇರವಾಗಿ ಇಕ್ಸಿಗೆ ಕಳಿಸುವುದಕ್ಕೂ ಎಲ್ಲರನ್ನೂ ಕಣ್ಣುಮುಚ್ಚಿ ಕಳಿಸುವುದಕ್ಕೂ ಬಹಳ ಅಂತರವಿದೆ.

ಕಾರಣ ಹುಡುಕಬೇಕೆನ್ನಲು ಇನ್ನೊಂದು ಗಂಭೀರ ಕಾರಣವಿದೆ. ಕ್ಯಾಟ್‌ಸ್ಪರ್‌ನಂಥ ದೋಷ ಕಾಣಿಸಿಕೊಳ್ಳಲು ತಂದೆ ತಾಯಿ ಇಬ್ಬರಿಂದಲೂ ಆ ಜೀನಿನ ಕೆಟ್ಟ ಪ್ರತಿ ಬರಬೇಕು. ದೋಷವಿರುವ ಪುರುಷ ಇಕ್ಸಿಯಿಂದ ಪಡೆದ ಪ್ರತಿಯೊಂದು ಮಗುವಿಗೂ ಒಂದು ಕೆಟ್ಟ ಪ್ರತಿ ಹೋಗುತ್ತದೆ. ತಾಯಿಯ ಕಡೆಯಿಂದಲೂ ಅಂಥದ್ದೇ ಪ್ರತಿ ಬಂದರೆ ಮಗನಿಗೂ ಅದೇ ತೊಂದರೆ. ಸಂಬಂಧವಿಲ್ಲದ ಮನೆತನಗಳಲ್ಲಿ ಇದು ಅಪರೂಪ. ಆದರೆ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಇಂದಿಗೂ ಉಳಿದಿರುವ ಕರ್ನಾಟಕದಲ್ಲಿ ಹಾಗೂ ದಕ್ಷಿಣ ಭಾರತದ ಇತರೆಡೆಗಳಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಕ್ಯಾಟ್‌ಸ್ಪರ್ ದ್ವಾರದ ಭಾಗವೊಂದನ್ನು ಕಟ್ಟುವ ಕ್ಯಾಟ್‌ಸ್ಪರ್1 ಜೀನಿನ ದೋಷ ಮನುಷ್ಯರಲ್ಲಿ ಮೊದಲು ವರದಿಯಾದದ್ದು, 2009ರಲ್ಲಿ, ರಕ್ತಸಂಬಂಧದಲ್ಲೇ ಮದುವೆಯಾದ ಇರಾನಿನ ಎರಡು ಕುಟುಂಬಗಳಲ್ಲಿ.

ಹೊರಮೈಯ ಇದೇ ಪ್ರೋಟೀನ್‌ಗಳು ಗರ್ಭನಿರೋಧಕ್ಕೂ ಗುರಿಯಾಗಿವೆ, ಮತ್ತು ಅದರಲ್ಲಿ ಬೆಂಗಳೂರಿಗೆ ಒಂದು ಪಾಲಿದೆ. ವೀರ್ಯಾಣುವಿಗೆ ಅಂಟಿರುವ ಎಪ್ಪಿನ್ ಎಂಬ ಪ್ರೋಟೀನಿನ ವಿರುದ್ಧ ಗಂಡು ಕೋತಿಗಳಿಗೆ ಲಸಿಕೆ ಹಾಕಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಅಮೆರಿಕದ ಮೈಕಲ್ ಓ’ರ‍್ಯಾಂಡ್ ಅವರ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅದರಲ್ಲಿದ್ದರು. ಒಂಬತ್ತು ಕೋತಿಗಳಲ್ಲಿ ಏಳಕ್ಕೆ ಪ್ರತಿಕಾಯ ಹೆಚ್ಚಿ ಸಂತಾನಶಕ್ತಿ ನಿಂತಿತು. ಲಸಿಕೆ ನಿಲ್ಲಿಸಿದ ಮೇಲೆ ಆ ಏಳರಲ್ಲಿ ಐದಕ್ಕೆ ಅದು ಮರಳಿತು. ಮರಳದ ಎರಡನ್ನು ನೆನೆದರೆ ಲಸಿಕೆಯ ದಾರಿ ಮನುಷ್ಯರಿಗೆ ಯಾಕೆ ಸುಲಭವಾಗಿ ಒದಗಲಿಲ್ಲ ಎಂಬುದು ಅರ್ಥವಾಗುತ್ತದೆ.

ಹೊರಮೈಯ ಎಲ್ಲ ಗ್ರಾಹಿಗಳನ್ನೂ ಅಳೆದು ಕೊಡುವ ಪರೀಕ್ಷೆ ಇಂದು ನಮ್ಮ ಊರಿನ ಪ್ರಯೋಗಾಲಯಗಳಲ್ಲಿ ವಾಡಿಕೆಯಲ್ಲಿಲ್ಲ. ಇದೆಯೆಂದು ಹೇಳಿ ಪುಡಿ, ಮಾತ್ರೆ ಮಾರುವವರಿಗೆ ಕಿವಿಗೊಡಬೇಕಿಲ್ಲ, ಏಕೆಂದರೆ ಇಲ್ಲದ ಪ್ರೋಟೀನನ್ನು ಯಾವ ಮಾತ್ರೆಯೂ ತಂದುಕೊಡಲಾರದು. ಆದರೆ ವರದಿ ನಾರ್ಮಲ್ ಇದ್ದೂ ಐಯುಐ ಪದೇ ಪದೇ ಸೋತಿದ್ದರೆ, ಅಥವಾ ತಟ್ಟೆಯಲ್ಲಿ ಒಂದು ಅಂಡವೂ ಫಲಿಸದಿದ್ದರೆ, ಪುರುಷನ ಕಡತವನ್ನು ಮತ್ತೆ ತೆರೆದು ಜೀನ್ ಪರೀಕ್ಷೆಯ ಕುರಿತು ಕೇಳುವುದು ನ್ಯಾಯ. ಮನೆತನದಲ್ಲಿ ಮಕ್ಕಳಾಗದ ಬೇರೆ ಗಂಡಸರಿದ್ದಾರೆಯೇ, ತಂದೆ ತಾಯಿಯದು ಸೋದರ ಸಂಬಂಧವೇ ಎಂದು ಕೇಳಬಹುದು. ಇನ್ನೊಂದು ಪ್ರಶ್ನೆಗಂತೂ ಯಂತ್ರವೂ ಬೇಡ, ಹಣವೂ ಬೇಡ. 15ನೇ ವರ್ಣತಂತುವಿನಲ್ಲಿ ಕ್ಯಾಟ್‌ಸ್ಪರ್2 ಜೀನಿನ ಪಕ್ಕದಲ್ಲೇ ಒಳಗಿವಿಗೆ ಬೇಕಾದ ಜೀನೊಂದಿದೆ. ಕೆಲವರಲ್ಲಿ ಎರಡೂ ಒಟ್ಟಿಗೇ ಬಿಟ್ಟುಹೋಗಿರುತ್ತವೆ. ಆ ಮನೆಯ ಹೆಣ್ಣುಮಕ್ಕಳಿಗೆ ಕಿವಿ ಮಂದವಾದರೂ ಮಕ್ಕಳಾಗುತ್ತವೆ, ಗಂಡಸರಿಗೆ ಕಿವಿಯೂ ಮಂದ, ಮಕ್ಕಳೂ ಇಲ್ಲ. ಒಂದು ಹಾಳೆಯ ವರದಿಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕುಳಿತ ಗಂಡನನ್ನು ವೈದ್ಯರು ಕೇಳಬೇಕಾದದ್ದು ಇಷ್ಟೇ: ‘ನಿಮಗೆ ಚಿಕ್ಕಂದಿನಿಂದ ಕಿವಿ ಸ್ವಲ್ಪ ಕಡಿಮೆ ಕೇಳುತ್ತದೆಯೇ?’